ಬೆಲೆ ಇಳಿಸದ ಲೋಪ

ಹಳೆ ಕಾರು ನೋಡುವುದು ನನಗೆ ಗೊತ್ತು ಎಂದು ನಮ್ಮ ಶಾಲೆಯಲ್ಲಿ ಹೆಸರಾಗಿಬಿಟ್ಟಿದೆ. ಎರಡು ಮೂರು ಲಕ್ಷದೊಳಗೆ ಗಾಡಿ ಹುಡುಕುತ್ತಿರುವವರು ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ನಾನೂ ಉತ್ಸಾಹದಿಂದಲೇ ಹೇಳುತ್ತೇನೆ. ಬೆಳಗ್ಗೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನೀವು ಹೋಗುವ ಹೊತ್ತಿಗೆ ಸ್ಟಾರ್ಟ್ ಮಾಡಿ ಇಟ್ಟಿದ್ದರೆ ಅನುಮಾನಪಡಿ. ಬಾಗಿಲಿನ ರಬ್ಬರ್ ಬೀಡಿಂಗ್ ಬಿಡಿಸಿ ಒಳಗಿನ ವೆಲ್ಡಿಂಗ್ ಚುಕ್ಕೆಗಳು ಒಂದೇ ಅಂತರದಲ್ಲಿವೆಯೇ ನೋಡಿ. ಬಾನೆಟ್ಟಿನ ಬೋಲ್ಟಿನ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತಿದ್ದರೆ ಬಾನೆಟ್ ಯಾವಾಗಲೋ ಇಳಿದಿದೆ. ಟೈರಿನ ಪಕ್ಕದ ನಾಲ್ಕು ಅಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಗಾಜುಗಳ ಮೂಲೆಯ ಗುರುತಿನಲ್ಲಿ ಒಂದು ಮಾತ್ರ ಬೇರೆ ವರ್ಷದ್ದಾಗಿದ್ದರೆ ಆ ಕಡೆಗೆ ಏನೋ ಪೆಟ್ಟಾಗಿರಬಹುದು. ಮೀಟರು ನಲವತ್ತು ಸಾವಿರ ತೋರಿಸುತ್ತಿದ್ದು ಕ್ಲಚ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ, ರಬ್ಬರನ್ನು ನಂಬಿ. ಮ್ಯಾಟ್ ಎತ್ತಿ ಮೂಸಿ ನೋಡಿ. ನಮ್ಮ ಕಡೆಯ ಮಳೆಯಲ್ಲಿ ಒಳಗೆ ನೀರು ಕುಡಿದ ಗಾಡಿ ಎಷ್ಟು ತೊಳೆದರೂ ವಾಸನೆ ಬಿಡುವುದಿಲ್ಲ.

ಇದೆಲ್ಲ ನಿಜ, ಉಪಯೋಗಕ್ಕೂ ಬರುತ್ತದೆ. ಆದರೆ ಇತ್ತೀಚಿನವರೆಗೂ ಒಂದು ಮಾತನ್ನು ಬಿಟ್ಟೇ ಹೇಳುತ್ತಿದ್ದೆ. ಮರೆತು ಬಿಟ್ಟದ್ದಲ್ಲ, ಗೊತ್ತಿದ್ದೇ ಬಿಟ್ಟದ್ದು. ನನ್ನ ಕಾರು ಕೊಳ್ಳುವಾಗಲೂ ಅದನ್ನೇ ಬಿಟ್ಟಿದ್ದೆ. ಯಾಕೆ ಬಿಟ್ಟೆ ಎಂಬುದಕ್ಕೆ ನನ್ನ ಹತ್ತಿರ ಹಲವು ಉತ್ತರಗಳಿವೆ. ಒಂದನ್ನು ಎತ್ತಿದರೆ ಅದರ ಕೆಳಗೆ ಇನ್ನೊಂದು ಸಿಗುತ್ತದೆ. ಎಲ್ಲದಕ್ಕೂ ಕೆಳಗಿರುವುದು ಯಾವುದು ಎಂದು ನೋಡಬೇಕು ಅನಿಸಿದೆ.

ನಾನು ಭದ್ರಾವತಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಶಿವಮೊಗ್ಗದ ವಿನೋಬನಗರದಲ್ಲಿ. ನಡುವಿನ ದಾರಿ ಬಿ.ಎಚ್. ರಸ್ತೆ, ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿ. ಮೊದಲು 206 ಅನ್ನುತ್ತಿದ್ದೆವು, ಈಗ 69. ಹೆಚ್ಚುಕಡಿಮೆ 20 ಕಿಲೋಮೀಟರ್. ವರ್ಷಗಟ್ಟಲೆ ಬಸ್ಸಿನಲ್ಲೇ ಓಡಾಡಿದವಳು. 2023ರ ಆರಂಭದಲ್ಲಿ, ಸೋಗಾನೆಯ ವಿಮಾನ ನಿಲ್ದಾಣದ ಉದ್ಘಾಟನೆಗೆ ಊರೆಲ್ಲ ಸಿದ್ಧವಾಗುತ್ತಿದ್ದ ದಿನಗಳಲ್ಲಿ, ನಮ್ಮ ಮನೆಯಲ್ಲೂ ಕಾರು ತೆಗೆದುಕೊಳ್ಳೋಣ ಎಂದು ತೀರ್ಮಾನವಾಯಿತು. ಕೇಳಿದವರಿಗೆಲ್ಲ ನಾನು ಕೊಟ್ಟ ಕಾರಣ ಒಂದೇ. ಅಮ್ಮನಿಗೆ ಮಂಡಿನೋವು, ಆಸ್ಪತ್ರೆಗೆ ಕರೆದುಕೊಂಡು ಹೋಗಿಬರಲು ಬೇಕು.

ಸುಳ್ಳಲ್ಲ. ಆದರೆ ಅಮ್ಮ ಆಸ್ಪತ್ರೆಗೆ ಹೋಗುತ್ತಿದ್ದದ್ದು ಆಟೋದಲ್ಲಿ, ಹತ್ತಿ ಇಳಿಯಲು ಅವಳಿಗೆ ಆಟೋನೇ ಸುಲಭ. ಈಗಲೂ ಕಾರಿನ ತಗ್ಗು ಸೀಟಿನಿಂದ ಏಳುವಾಗ ಯಾರಾದರೂ ಕೈ ಕೊಡಬೇಕು. ಕಾರು ಬೇಕಾಗಿದ್ದದ್ದು ನನಗೆ. ಸಂಜೆ ಶಾಲೆ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಕಾದು, ನಿಂತುಕೊಂಡೇ ಶಿವಮೊಗ್ಗ ಸೇರಿ, ಅಲ್ಲಿಂದ ಇನ್ನೊಂದು ಬಸ್ಸಿಗೆ ಕಾಯುವುದು ಸಾಕಾಗಿತ್ತು. ನನಗಿಂತ ಎಷ್ಟೋ ಚಿಕ್ಕವರು ಕಾರಿನಲ್ಲಿ ಬಂದು ಇಳಿಯುವುದನ್ನು ನೋಡಿ ಆಸೆಯೂ ಆಗಿತ್ತು. ಅದೇ ವರ್ಷ ಜೂನ್ 11ರಂದು ಶಕ್ತಿ ಯೋಜನೆ ಬಂತು, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತವಾಯಿತು. ಆಗಲೂ ನಾನು ಬಸ್ಸಿಗೆ ಮರಳಲಿಲ್ಲ. ನನಗೆ ಬೇಕು ಎಂದು ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಅಮ್ಮನ ಮಂಡಿಯನ್ನು ಮುಂದೆ ಮಾಡಿದ್ದೆ. ಇದನ್ನು ಮೊದಲು ಹೇಳಿಕೊಳ್ಳುತ್ತಿರುವುದು ಯಾಕೆಂದರೆ, ಅಮ್ಮನಿಗಾಗಿ ಎಂದು ಕೊಳ್ಳುವ ಗಾಡಿಯಲ್ಲಿ ಅಮ್ಮ ಕೂರುವ ಜಾಗವನ್ನಾದರೂ ನೋಡಬೇಕಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

ಹೊಸದೋ ಹಳೆಯದೋ ಎಂಬ ಪ್ರಶ್ನೆ ಮನೆಯಲ್ಲಿ ಹೆಚ್ಚು ದಿನ ಉಳಿಯಲಿಲ್ಲ. ಹಿಂದಿನ ಆಗಸ್ಟ್‌ನಲ್ಲಿ ಬಂದಿದ್ದ ಹೊಸ ಆಲ್ಟೊ ಕೆ10ರ ಆರಂಭದ ಎಕ್ಸ್-ಶೋರೂಂ ಬೆಲೆ 3.99 ಲಕ್ಷ. ಟಿಯಾಗೊ ಐದೂವರೆ ಲಕ್ಷದ ಆಸುಪಾಸಿನಿಂದ ಶುರು. ಅದರ ಮೇಲೆ ನಮ್ಮ ರಾಜ್ಯದ ಲೈಫ್‌ಟೈಮ್ ತೆರಿಗೆ 5 ಲಕ್ಷದವರೆಗೆ ಶೇ. 13, ಅಲ್ಲಿಂದ 10 ಲಕ್ಷದವರೆಗೆ ಶೇ. 14, ಆ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ಐದೂವರೆ ಲಕ್ಷದ ಗಾಡಿಗೆ ತೆರಿಗೆಯೇ 85 ಸಾವಿರ ದಾಟುತ್ತದೆ. ಆಮೇಲೆ ಇನ್ಶೂರೆನ್ಸು, ಅದರಲ್ಲೂ ಥರ್ಡ್ ಪಾರ್ಟಿಯದ್ದನ್ನು ಒಟ್ಟಿಗೆ ಮೂರು ವರ್ಷಕ್ಕೆ ಕಟ್ಟಬೇಕು. ನಮ್ಮ ಕೈಯಲ್ಲಿದ್ದದ್ದು ಚೀಟಿ ಎತ್ತಿದ ಎರಡು ಲಕ್ಷ ಚಿಲ್ಲರೆ. ಸಾಲ ಮಾಡಿ ಕಾರು ಬೇಡ ಎಂದು ನಾನೂ ನಮ್ಮನೆಯವರೂ ಒಂದೇ ಮಾತಿಗೆ ಬಂದೆವು. ವಿವೇಕದ ಮಾತಾಡಿದೆವು ಎಂದು ಆಗ ಹೆಮ್ಮೆಯಾಗಿತ್ತು. ಮರುವರ್ಷ ತಾರಸಿಯ ಮೇಲೆ ಒಂದು ರೂಮು ಹಾಕಿಸಲು ಅದೇ ನಾವು ಸಾಲ ತೆಗೆದೆವು, ಯಾವ ಅಳುಕೂ ಇಲ್ಲದೆ. ಹಾಗಾಗಿ ದುಡ್ಡಿರಲಿಲ್ಲ ಎಂಬ ಉತ್ತರವನ್ನು ನಾನು ಪೂರ್ತಿ ಒಪ್ಪಲಾರೆ. ಪೂರ್ತಿ ತಳ್ಳಿಹಾಕಲೂ ಆರೆ. ರೂಮಿಗೆ ಬಾಡಿಗೆ ಬರುತ್ತದೆ, ಕಾರಿನ ಬೆಲೆ ದಿನದಿನಕ್ಕೆ ಇಳಿಯುತ್ತದೆ.

ಕಾರು ಹುಡುಕಲು ನಾನೊಂದು ನೋಟ್‌ಬುಕ್ ಮಾಡಿಕೊಂಡಿದ್ದೆ. ಗೆರೆ ಎಳೆದು ಕೋಷ್ಟಕ ಹಾಕಿದ್ದೆ. ಬೆಲೆ, ಮೈಲೇಜು, ಬಿಡಿಭಾಗದ ಖರ್ಚು, ಶಿವಮೊಗ್ಗದಲ್ಲಿ ಸರ್ವಿಸ್ ಸಿಗುತ್ತದೆಯೇ, ಮುಂದೆ ಮಾರುವಾಗ ಎಷ್ಟು ಬರುತ್ತದೆ. ಕೊನೆಯಲ್ಲಿ ‘ಸುರಕ್ಷತೆ’ ಎಂದೂ ಒಂದು ಅಂಕಣವಿತ್ತು. ಅದನ್ನು ತುಂಬಲು ಕೂತು ಓದಿದೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಭಾರತದಲ್ಲಿ ಮಾರಾಟವಾಗುವ ಐದು ಸಣ್ಣ ಕಾರುಗಳನ್ನು ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿಸಿ ಫಲಿತಾಂಶ ಪ್ರಕಟಿಸಿತ್ತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ, ಎಲ್ಲವೂ ಏರ್‌ಬ್ಯಾಗ್ ಇಲ್ಲದ ಆರಂಭದ ಮಾದರಿಗಳು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸೊನ್ನೆ ನಕ್ಷತ್ರ. ಎರಡು ಏರ್‌ಬ್ಯಾಗ್ ಇದ್ದ ಪೋಲೊವನ್ನು ಗುದ್ದಿಸಿದಾಗ ನಾಲ್ಕು ನಕ್ಷತ್ರ ಬಂತು, ಅದರ ಚೌಕಟ್ಟು ಗಟ್ಟಿಯಿತ್ತು. ಆಲ್ಟೊ, ಐ10, ನ್ಯಾನೊಗಳಲ್ಲಿ ಚೌಕಟ್ಟೇ ಕುಸಿದದ್ದರಿಂದ ಏರ್‌ಬ್ಯಾಗ್ ಹಾಕಿದರೂ ಪ್ರಯೋಜನವಾಗದು ಎಂದು ವರದಿ ಹೇಳಿತ್ತು.

ನಮ್ಮ ದುಡ್ಡಿಗೆ ಸಿಗುವ ಹಳೆ ಗಾಡಿಗಳು ಹೆಚ್ಚುಕಡಿಮೆ ಇವೇ. ಪೋಲೊ ಖರ್ಚಿನ ಗಾಡಿ ಎಂದು ಮೊದಲೇ ಹೊಡೆದುಹಾಕಿದ್ದೆ. ಉಳಿದ ಸಾಲುಗಳಲ್ಲೆಲ್ಲ ಆ ಅಂಕಣದಲ್ಲಿ ಸೊನ್ನೆ. ಕೋಷ್ಟಕವನ್ನು ಚೊಕ್ಕವಾಗಿ ಮತ್ತೆ ಬರೆಯುವಾಗ ಆ ಅಂಕಣವನ್ನೇ ತೆಗೆದುಬಿಟ್ಟೆ. ಎಲ್ಲದಕ್ಕೂ ಒಂದೇ ಅಂಕಿ ಬರುವ ಅಂಕಣದಿಂದ ಹೋಲಿಕೆಗೆ ಏನೂ ಸಿಗುವುದಿಲ್ಲ ಎಂಬುದು ನಾನು ಕೊಟ್ಟುಕೊಂಡ ಕಾರಣ. ಪ್ರಯೋಗದ ಪಟ್ಟಿ ಬರೆಯುವ ಮಕ್ಕಳಿಗೆ ನಾನೇ ಹೇಳುವ ಮಾತು ಅದು. ಎಲ್ಲ ಸಾಲಿನಲ್ಲೂ ಸೊನ್ನೆ ಬಂದರೆ ಈ ಪಟ್ಟಿಯಿಂದ ಕೊಳ್ಳಬೇಡ ಎಂದೂ ಅರ್ಥವಾಗಬಹುದು ಎಂದು ಆಗ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯುವ ಮೊದಲೇ ಹಾಳೆ ತಿರುವಿದೆನೋ, ಇವತ್ತಿಗೂ ಖಚಿತವಾಗಿ ಹೇಳಲಾರೆ.

ಬ್ರೋಕರುಗಳ ಹಿಂದೆ ಸುತ್ತಿ, ಟಿಂಕರಿಂಗ್ ಮಾಡಿ ಬಣ್ಣ ಬಳಿದ ಗಾಡಿಗಳನ್ನು ನೋಡಿ ಸಾಕಾಗಿದ್ದಾಗ ನಮ್ಮ ಮೆಕ್ಯಾನಿಕ್ ಹೇಳಿದರು. ‘ಭದ್ರಾವತೀಲಿ ಫ್ಯಾಕ್ಟರಿಯವರ ಗಾಡಿ ಸಿಕ್ಕಿದ್ರೆ ನೋಡಿ ಮೇಡಂ. ಡ್ಯೂಟಿ, ಮನೆ, ಭಾನುವಾರ ಮಾರ್ಕೆಟ್ಟು. ಅಷ್ಟೇ ಓಡಿರುತ್ತೆ.’ ಅಂಥ ಗಾಡಿಗಳು ಮಾರಾಟಕ್ಕೆ ಯಾಕೆ ಬರುತ್ತವೆ ಎಂದು ನಾನು ಕೇಳಲಿಲ್ಲ. ಅಲ್ಲೇ ಪಾಠ ಮಾಡುವವಳಿಗೆ ಕೇಳುವ ಅಗತ್ಯವಿರಲಿಲ್ಲ. 1936ರಲ್ಲಿ ಶುರುವಾದ ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಶ್ವೇಶ್ವರಯ್ಯನವರು ಕಟ್ಟಿದ, 1923ರಲ್ಲಿ ಕಬ್ಬಿಣ ತೆಗೆಯಲು ಶುರುಮಾಡಿದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಅದರ ನೂರನೇ ವರ್ಷಕ್ಕೆ ಸರಿಯಾಗಿ, 2023ರ ಜನವರಿಯಲ್ಲಿ ಹೊರಬಿದ್ದು ಕಾರ್ಮಿಕರು ಧರಣಿ ಕೂತಿದ್ದರು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲೇ ಇದು ಕಾಣುತ್ತದೆ. ಅಪ್ಪನ ಕೆಲಸ ಹೋದ ಮೇಲೆ ಟಿ.ಸಿ. ತೆಗೆದುಕೊಂಡು ಬೇರೆ ಊರಿಗೆ ಹೋದ ಮಕ್ಕಳ ಹೆಸರಿನ ಮೇಲೆ ಕೆಂಪು ಗೆರೆ. ಆ ಗೆರೆಗಳನ್ನು ಎಳೆದವಳು ನಾನೇ. ಅದೇ ಊರಿನಲ್ಲಿ ಒಳ್ಳೆಯ ಗಾಡಿ ಅಗ್ಗಕ್ಕೆ ಸಿಗುತ್ತದೆ ಎಂದು ಕೇಳಿದಾಗ ಖುಷಿಯಾಯಿತು.

ಗಾಡಿ ಸಿಕ್ಕಿದ್ದು ಭದ್ರಾವತಿಯ ಜನ್ನಾಪುರದಲ್ಲಿ. 2014ರ ಆಲ್ಟೊ 800, ಮೊದಲ ಓನರ್, ಕೆಎ-14. ಮಾರುವವರು ಕಾಗದ ಕಾರ್ಖಾನೆಯಲ್ಲಿ ದುಡಿದವರು, ಬಾಡಿಗೆ ಮನೆ ಖಾಲಿ ಮಾಡಿ ಬೆಂಗಳೂರಿಗೆ ಮಗನ ಹತ್ತಿರ ಹೊರಟಿದ್ದರು. ಸರ್ವಿಸ್ ಬಿಲ್ಲುಗಳನ್ನೆಲ್ಲ ತಾರೀಖಿನ ಪ್ರಕಾರ ಫೈಲಿನಲ್ಲಿ ಇಟ್ಟಿದ್ದರು. ಪೆಟ್ರೋಲ್ ಹಾಕಿಸಿದ್ದಕ್ಕೂ ಒಂದು ಚಿಕ್ಕ ಡೈರಿ. ಮೆಕ್ಯಾನಿಕ್ ಆಯಿಲ್ ಮುಚ್ಚಳ ಬಿಚ್ಚಿ ನೋಡಿದರು, ಹ್ಯಾಂಡ್‌ಬ್ರೇಕ್ ಎಳೆದು ಮೂರನೇ ಗೇರಿನಲ್ಲಿ ಕ್ಲಚ್ ಬಿಟ್ಟು ಇಂಜಿನ್ ಆಫ್ ಆಗುತ್ತದೆಯೇ ನೋಡಿದರು. ಆಯಿತು. ಕ್ಲಚ್ ಸರಿಯಿದೆ. ನಾನು ಬೀಡಿಂಗ್ ಎಳೆಯಲು ಕೈಹಾಕುವಷ್ಟರಲ್ಲಿ ಆ ಹಿರಿಯರೇ ಹತ್ತಿರ ಬಂದು, ‘ಎಡಗಡೆ ಮುಂದಿನ ಬಾಗಿಲಿಗೆ ಪೇಂಟ್ ಆಗಿದೆ ಮೇಡಂ. ಗೇಟಿಗೆ ತಾಗಿಸ್ಬಿಟ್ಟಿದ್ದೆ. ಆಮೇಲೆ ನೋಡಿ ಬೇಜಾರು ಮಾಡ್ಕೋಬಾರ್ದು ಅಂತ ಮೊದ್ಲೇ ಹೇಳ್ತಿದೀನಿ’ ಅಂದರು.

ಹೇಳದಿದ್ದರೆ ನನಗೆ ಗೊತ್ತಾಗುತ್ತಿರಲಿಲ್ಲ. ಬಣ್ಣ ಅಷ್ಟು ಚೆನ್ನಾಗಿ ಹೊಂದಿತ್ತು. ಅವರ ಬಾಯಿಂದ ಬಂದ ಆ ಮಾತನ್ನೇ ಹಿಡಿದುಕೊಂಡು ನಾನು, ‘ಪೇಂಟ್ ಆಗಿರೋ ಗಾಡಿ ಅಂದ್ರೆ ರೇಟ್ ಬೀಳುತ್ತಲ್ಲ ಸರ್’ ಅಂದೆ. ಅವರು ಎರಡು ಇಪ್ಪತ್ತೈದು ಹೇಳಿದ್ದರು. ನಾನು ಒಂದು ಎಪ್ಪತ್ತೈದರಿಂದ ಶುರುಮಾಡಿದೆ. ಹಿಂದಿನ ಎರಡು ಟೈರು ಬದಲಾಯಿಸಬೇಕು, ಅದನ್ನು ಹೇಳಿದೆ. ರನ್ನಿಂಗ್ ಬೋರ್ಡಿನ ಕೆಳಗೆ ತುಕ್ಕು, ಅದನ್ನೂ. ಸ್ಟಿಯರಿಂಗಿನಲ್ಲಿ ಸಣ್ಣ ಶಬ್ದ ಇದೆ ಎಂದೆ, ಮೆಕ್ಯಾನಿಕ್ ಇಲ್ಲ ಎಂದು ತಲೆಯಾಡಿಸಿದ್ದರೂ. ಗಾಡಿಯಲ್ಲಿ ಚೆನ್ನಾಗಿದ್ದದ್ದನ್ನು ಒಂದನ್ನೂ ಬಾಯಿಬಿಟ್ಟು ಹೇಳಲಿಲ್ಲ.

ಚೌಕಾಸಿ ಮಾಡುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಅವರೂ ಚೌಕಾಸಿಗೆ ಜಾಗ ಇಟ್ಟುಕೊಂಡೇ ಬೆಲೆ ಹೇಳಿರುತ್ತಾರೆ. ಆದರೆ ಆ ದಿನ ಮುಗಿಸದೆ ಎದ್ದುಬಂದೆ. ಅವರ ಮನೆ ಖಾಲಿ ಮಾಡುವ ದಿನ ತಿಂಗಳ ಕೊನೆಗೆ ಎಂದು ಅದೇ ಬೀದಿಯಲ್ಲಿರುವ ಸಹೋದ್ಯೋಗಿಯೊಬ್ಬರು ಹೇಳಿದ್ದರು. ಫೋನ್ ಮಾಡದೆ ಸುಮ್ಮನಿದ್ದೆ. ಯೋಚನೆ ಮಾಡುತ್ತಿದ್ದೇನೆ ಎಂದು ಮನೆಯಲ್ಲಿ ಹೇಳಿದೆ. ಯೋಚಿಸಲು ಏನೂ ಉಳಿದಿರಲಿಲ್ಲ, ಗಾಡಿ ಹಿಡಿಸಿತ್ತು. ಕೊನೆಗೆ ಅವರೇ ಫೋನ್ ಮಾಡಿದರು. ಒಂದು ಎಂಬತ್ತೈದಕ್ಕೆ ಮುಗಿಯಿತು. ಉಳಿದ ನಲವತ್ತು ಸಾವಿರವನ್ನು ನಾನು ಜಾಣತನದ ಗಳಿಕೆ ಎಂದುಕೊಂಡೆ. ಅದರಲ್ಲಿ ಜಾಣತನ ಎಷ್ಟು, ಅವರ ಅವಸರ ಎಷ್ಟು ಎಂದು ಬೇರೆ ಮಾಡಿ ನೋಡಲು ಹೋಗಲಿಲ್ಲ.

ದುಡ್ಡು ಕೊಟ್ಟು, 29, 30ನೇ ನಮೂನೆಗಳಿಗೆ ಸಹಿ ಆಗಿ, ಕೀಲಿ ಕೈಗೆ ಕೊಡುವಾಗ ಅವರು ಹೇಳಿದ ಮಾತು ಇದು. ‘ಇದ್ರಲ್ಲಿ ಏರ್‌ಬ್ಯಾಗ್ ಇಲ್ಲ ಮೇಡಂ, ಎಬಿಎಸ್ಸೂ ಇಲ್ಲ. ಮಳೇಲಿ ಒಮ್ಮೆಲೇ ಬ್ರೇಕ್ ತುಳೀಬೇಡಿ. ಮುಂದಿನ ಗಾಡಿಯಿಂದ ಸ್ವಲ್ಪ ದೂರ ಇಟ್ಕೊಂಡೇ ಓಡ್ಸಿ.’

‘ಗೊತ್ತು ಸರ್’ ಅಂದೆ.

ಗೊತ್ತಿತ್ತು, ನಿಜ. ಆದರೆ ಅಷ್ಟು ದಿನ ಗಾಡಿಯ ತುಕ್ಕು, ಟೈರು, ಬಣ್ಣ, ಇಲ್ಲದ ಶಬ್ದವನ್ನೂ ಸೇರಿಸಿ ಎಲ್ಲವನ್ನೂ ಎತ್ತಿ ಆಡಿದ ನಾನು, ಪ್ರಾಣಕ್ಕೆ ಸಂಬಂಧಪಟ್ಟ ಈ ಒಂದನ್ನು ಒಮ್ಮೆಯೂ ಎತ್ತಿರಲಿಲ್ಲ. ಅವರು ಅದನ್ನು ಹೇಳಿದ್ದು ಹೇಳಿದರೆ ಏನೂ ಸಿಗದ, ಹೇಳದಿದ್ದರೆ ಏನೂ ಕಳೆಯದ ಹೊತ್ತಿನಲ್ಲಿ. ನಾನು ಸುಮ್ಮನಿದ್ದದ್ದು ಯಾಕೆ ಎಂದು ಆ ಸಂಜೆ ಬಿ.ಎಚ್. ರಸ್ತೆಯಲ್ಲಿ ಮಾಚೇನಹಳ್ಳಿ ದಾಟುವಾಗ ಲಾರಿಯೊಂದು ಪಕ್ಕದಲ್ಲೇ ಹೋದಾಗ ಮೊದಲ ಸಲ ಕೇಳಿಕೊಂಡೆ. ಕಾರಣ ಬಹಳ ಸರಳ. ಏರ್‌ಬ್ಯಾಗ್ ಇಲ್ಲ ಎಂದರೆ ರೇಟು ಬೀಳುವುದಿಲ್ಲ. ಆ ಕಾಲದ ಅಂಥ ಹೆಚ್ಚಿನ ಗಾಡಿಗಳಲ್ಲೂ ಅದಿಲ್ಲ, ಬೇಕೆಂದವರು ಹೆಚ್ಚು ಹಣ ಕೊಟ್ಟು ಬೇರೆ ಮಾದರಿ ಕೊಳ್ಳಬೇಕಿತ್ತು. ಹಾಗಾಗಿ ಅದು ಚೌಕಾಸಿಯ ಸಾಮಾನಲ್ಲ. ಬೆಲೆ ಇಳಿಸಲು ಬಾರದ ಲೋಪ ನನ್ನ ಕಣ್ಣಿಗೆ ಲೋಪವಾಗಿಯೇ ಕಾಣಲಿಲ್ಲ. ನಾನು ಕಾರು ನೋಡುತ್ತಿದ್ದೇನೆ ಎಂದುಕೊಂಡಿದ್ದೆ, ನೋಡುತ್ತಿದ್ದದ್ದು ಬೆಲೆಯನ್ನು. ಅಜ್ಜ ಹೇಳುತ್ತಿದ್ದ ದನದ ಜಾತ್ರೆಯ ಕತೆಗಳಲ್ಲಿ ಎತ್ತಿನ ಹಲ್ಲು, ಸುಳಿ, ನಡಿಗೆ ಎಲ್ಲ ಬಯಲಿನಲ್ಲಿ ನೋಡಿ, ಬೆಲೆಯನ್ನು ಮಾತ್ರ ಟವೆಲ್ಲಿನ ಮರೆಯಲ್ಲಿ ಬೆರಳು ಮುಟ್ಟಿ ಆಡುತ್ತಿದ್ದರು. ನಾನು ಮಾಡಿದ್ದು ತಿರುಗಾಮುರುಗಾ.

ಇನ್ನೊಂದು ಕಾರಣವೂ ಇರಬೇಕು. ಏರ್‌ಬ್ಯಾಗ್ ಇಲ್ಲವಲ್ಲ ಎಂದು ನಾನು ಬಾಯಿಬಿಟ್ಟಿದ್ದರೆ, ಹಾಗಾದರೆ ಯಾಕೆ ಕೊಳ್ಳುತ್ತಿದ್ದೀಯ ಎಂಬ ಪ್ರಶ್ನೆಗೆ ನಾನೇ ಉತ್ತರ ಹೇಳಬೇಕಿತ್ತು.

ಇದು ನನ್ನನ್ನು ಹೆಚ್ಚು ಕಾಡಲು ನನ್ನ ಕೆಲಸವೇ ಕಾರಣ. ಆ ಜನವರಿಯಲ್ಲಿ, ರಸ್ತೆ ಸುರಕ್ಷತಾ ಸಪ್ತಾಹದಲ್ಲಿ, ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಮಾತಾಡಿದವಳು ನಾನು. ಒಂಬತ್ತನೇ ತರಗತಿಗೆ ಬಲ ಮತ್ತು ಚಲನೆಯ ನಿಯಮಗಳನ್ನು ಹೇಳಿಕೊಡುವಾಗ ಪ್ರತಿ ವರ್ಷ ಸೀಟ್ ಬೆಲ್ಟಿನ ಉದಾಹರಣೆ ಕೊಡುತ್ತೇನೆ. ಗಾಡಿ ನಿಂತರೂ ಒಳಗಿನವರು ಅದೇ ವೇಗದಲ್ಲಿ ಮುಂದೆ ಹೋಗುತ್ತಲೇ ಇರುತ್ತಾರೆ ಎಂದು. ಗಂಟೆಗೆ 64 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 17.8 ಮೀಟರ್, ಆ ವೇಗ ಬರಬೇಕಾದರೆ ಒಂದು ವಸ್ತು 16 ಮೀಟರ್ ಎತ್ತರದಿಂದ ಬೀಳಬೇಕು, ಐದಂತಸ್ತಿನ ಕಟ್ಟಡ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಎಷ್ಟೋ ಸಲ ಮಾಡಿದ್ದೇನೆ. ನಾನು ಅರವತ್ತು ದಾಟುವುದಿಲ್ಲ ಎಂದು ಸಮಾಧಾನ ಮಾಡಿಕೊಂಡರೆ, ಎದುರಿನಿಂದ ಬರುವವನ ವೇಗವನ್ನೂ ಅವನ ತೂಕವನ್ನೂ ಲೆಕ್ಕಕ್ಕೆ ಸೇರಿಸಬೇಕು ಎಂದು ಅದೇ ಪಾಠ ಹೇಳುತ್ತದೆ. ನನ್ನ ಗಾಡಿ 700 ಕಿಲೋ ಆಸುಪಾಸು. ತುಂಬಿದ ಲಾರಿಯ ತೂಕ ಹೇಳಬೇಕಾಗಿಲ್ಲ. ಗೊತ್ತಿರುವುದಕ್ಕೂ ಅದರಂತೆ ನಡೆಯುವುದಕ್ಕೂ ನಡುವೆ ಇಷ್ಟು ದೂರ ಇದ್ದರೆ ನಾನು ಮಕ್ಕಳಿಗೆ ಕೊಡುತ್ತಿರುವುದು ಏನನ್ನು ಎಂದು ಕೆಲವು ದಿನ ತರಗತಿಯಲ್ಲೇ ತಡವರಿಸಿದ್ದೇನೆ.

ಅಮ್ಮ ಕೂರುವ ಜಾಗದ ವಿಷಯ ಹೇಳುತ್ತೇನೆ ಅಂದಿದ್ದೆ. ಗಾಡಿ ಬಂದು ಎಷ್ಟೋ ವಾರ ಆದ ಮೇಲೆ ಹಿಂದಿನ ಸೀಟಿನ ಬೆಲ್ಟು ಹುಡುಕಿದೆ. ಬೆಲ್ಟು ಇತ್ತು. ಅದು ಸಿಕ್ಕಿಸುವ ಬಕಲ್ ಕಾಣಲಿಲ್ಲ. ಹೊರಗಿನಿಂದ ಹೊಲಿಸಿ ಹಾಕಿದ ಸೀಟ್ ಕವರಿನ ಅಡಿಯಲ್ಲಿ ಹುದುಗಿಹೋಗಿತ್ತು. ಕವರನ್ನು ಕತ್ತರಿಸಿ ಹೊರತೆಗೆಯಲು ಒಂದು ಕತ್ತರಿ, ಸ್ವಲ್ಪ ಹೊತ್ತು, ಅಷ್ಟೇ ಬೇಕಾಯಿತು. ಉದ್ಯಮಿ ಸೈರಸ್ ಮಿಸ್ತ್ರಿ ಹಿಂದಿನ ಸೀಟಿನಲ್ಲಿ ಕೂತು 2022ರ ಸೆಪ್ಟೆಂಬರ್ 4ರಂದು ಕಾರು ಅಪಘಾತದಲ್ಲಿ ತೀರಿಕೊಂಡಾಗ ಹಿಂದೆ ಕೂತವರಿಗೂ ಬೆಲ್ಟು ಬೇಕು ಎಂದು ದೇಶವೆಲ್ಲ ಮಾತಾಡಿತ್ತು, ನಾನೂ ಸ್ಟಾಫ್ ರೂಮಿನಲ್ಲಿ ಮಾತಾಡಿದ್ದೆ. ಜನ್ನಾಪುರದಲ್ಲಿ ಮ್ಯಾಟ್ ಎತ್ತಿ ಮೂಸಿ ನೋಡಿದವಳು ಅದರ ಮೇಲಿನ ಸೀಟಿನಲ್ಲಿ ಬಕಲ್ ಇದೆಯೇ ಎಂದು ಕೈಹಾಕಿ ನೋಡಿರಲಿಲ್ಲ. ದುಡ್ಡಿರಲಿಲ್ಲ ಎಂಬ ಉತ್ತರ ನನ್ನಲ್ಲಿ ನಿಜಕ್ಕೂ ಕುಸಿದದ್ದು ಇಲ್ಲಿ. ಕಾಸೂ ಖರ್ಚಿಲ್ಲದ್ದನ್ನೂ ನಾನು ನೋಡಿರಲಿಲ್ಲ. ಈಗ ಬೆಲ್ಟು ಹಾಕಿಕೋ ಅಂದರೆ ಅಮ್ಮ ಉಸಿರು ಕಟ್ಟುತ್ತದೆ ಎನ್ನುತ್ತಾಳೆ. ಕೆಲವು ಸಲ ಹಾಕಿಸುತ್ತೇನೆ, ಕೆಲವು ಸಲ ಹತ್ತಿರ ತಾನೆ ಎಂದು ಬಿಡುತ್ತೇನೆ. ಬಿಡುವುದು ಅವಳ ಹಟಕ್ಕೋ ನನ್ನ ಸೋಮಾರಿತನಕ್ಕೋ ಗೊತ್ತಾಗುವುದಿಲ್ಲ.

ನನ್ನ ಪರವಾಗಿ ಹೇಳಿಕೊಳ್ಳಲು ಒಂದು ಒಳ್ಳೆಯ ವಾದವಿದೆ, ಅದನ್ನು ಬಿಟ್ಟರೆ ಇದು ಪ್ರಾಮಾಣಿಕವಾಗುವುದಿಲ್ಲ. ಕಾರಿಗೆ ಮೊದಲು ನಮ್ಮ ಮನೆಯಲ್ಲಿದ್ದದ್ದು ಸ್ಕೂಟರ್. ಮಗಳನ್ನು ನಡುವೆ ಕೂರಿಸಿಕೊಂಡು ಇದೇ ರಸ್ತೆಯಲ್ಲಿ ಓಡಾಡಿದ್ದೇವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಅವರಲ್ಲಿ ಶೇ. 44ಕ್ಕಿಂತ ಹೆಚ್ಚು ದ್ವಿಚಕ್ರ ವಾಹನದವರು. ಮಳೆಯಲ್ಲಿ ಸ್ಕೂಟರಿನ ಮೇಲೆ ಹೋಗುತ್ತಿದ್ದ ಒಂದು ಕುಟುಂಬವನ್ನು ನೋಡಿ ರತನ್ ಟಾಟಾ ನ್ಯಾನೊ ಯೋಚನೆ ಮಾಡಿದರು. 2009ರಲ್ಲಿ ಬಂದ ಆ ಕಾರಿಗೂ ಐದು ವರ್ಷದ ನಂತರ ಪರೀಕ್ಷೆಯಲ್ಲಿ ಸೊನ್ನೆಯೇ ಬಂತು, ಆದರೆ ಅವರ ಕಳಕಳಿ ಸುಳ್ಳಾಗುವುದಿಲ್ಲ. ಸೊನ್ನೆ ನಕ್ಷತ್ರದ ಕಾರೂ ಸ್ಕೂಟರಿಗಿಂತ ಮೇಲು. ಇದನ್ನು ನಾನು ನಂಬುತ್ತೇನೆ. ಆದರೆ ಈ ವಾದ ನನಗೆ ಹೊಳೆದದ್ದು ಕಾರು ಕೊಂಡ ಮೇಲೆ. ಕೊಳ್ಳುವಾಗ ನಾನು ಆಲ್ಟೊವನ್ನು ಸ್ಕೂಟರಿನ ಪಕ್ಕದಲ್ಲಿ ಇಟ್ಟು ನೋಡಿರಲೇ ಇಲ್ಲ, ಬೇರೆ ಕಾರುಗಳ ಪಕ್ಕದಲ್ಲಿ ಇಟ್ಟು ಮಾರುವಾಗ ಎಷ್ಟು ಬರುತ್ತದೆ ಎಂದು ನೋಡಿದ್ದೆ. ಆಮೇಲೆ ಸಿಕ್ಕ ಒಳ್ಳೆಯ ಕಾರಣವನ್ನು ಮೊದಲೇ ಇತ್ತು ಎಂದು ಹೇಳಿಕೊಳ್ಳುವ ಅಭ್ಯಾಸ ನನಗಿದೆ.

ಇನ್ನೊಂದು ಸಂಗತಿ ಹೇಳಲು ಹೆಚ್ಚು ಕಷ್ಟ. 2023ರ ಏಪ್ರಿಲ್‌ನಲ್ಲಿ ಅದೇ ಗ್ಲೋಬಲ್ ಎನ್‌ಕ್ಯಾಪ್ ಹೊಸ ಆಲ್ಟೊ ಕೆ10ಕ್ಕೆ ಎರಡು, ವ್ಯಾಗನ್ ಆರ್‌ಗೆ ಒಂದು ನಕ್ಷತ್ರ ಕೊಟ್ಟಿತು. ಮಕ್ಕಳ ರಕ್ಷಣೆಯಲ್ಲಿ ಎರಡಕ್ಕೂ ಸೊನ್ನೆ. ಎರಡು ಏರ್‌ಬ್ಯಾಗ್ ಕಡ್ಡಾಯವಾಗಿ ಒಂದು ವರ್ಷದ ಮೇಲಾಗಿತ್ತು, ಎಬಿಎಸ್ 2019ರಿಂದಲೇ ಕಡ್ಡಾಯ. ಆದರೂ ಅಷ್ಟೇ. ಓದಿದ ಕೂಡಲೇ ನನಗೆ ಆದದ್ದು ಸಮಾಧಾನ. ನೋಡು, ಹೊಸದು ಕೊಂಡಿದ್ದರೂ ಇಷ್ಟೇ ಆಗುತ್ತಿತ್ತು! ಇದನ್ನು ನಮ್ಮನೆಯವರಿಗೂ ಓದಿ ಹೇಳಿದೆ. 2020ರ ಆರಂಭದಲ್ಲೇ ಟಿಯಾಗೊಗೆ ನಾಲ್ಕು ನಕ್ಷತ್ರ ಬಂದಿತ್ತು ಎಂಬುದನ್ನು ಓದಿ ಹೇಳಲಿಲ್ಲ. ಲಕ್ಷಾಂತರ ಜನ ಓಡಾಡುವ ಗಾಡಿಗಳು ದುರ್ಬಲ ಎಂಬ ಸುದ್ದಿ ನನಗೆ ನೆಮ್ಮದಿ ಕೊಟ್ಟಿತಲ್ಲ, ಆ ನೆಮ್ಮದಿ ಎಲ್ಲಿಂದ ಬಂತು ಎಂದು ಯೋಚಿಸಿದರೆ ಈಗಲೂ ಮುಜುಗರವಾಗುತ್ತದೆ.

ಈಗ ನಾನು ಆ ಗಾಡಿಯನ್ನು ಮಾರಬೇಕೆಂದಿದ್ದೇನೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ಹೊಸದರ ಬೆಲೆ ಕೈಗೆ ಎಟುಕುವಂತಾಗಿದೆ, ಕೆ10ರಲ್ಲೂ ಆರು ಏರ್‌ಬ್ಯಾಗ್ ಬರುತ್ತಿವೆ. ಆರು ಏರ್‌ಬ್ಯಾಗ್ ಎಂದ ಮಾತ್ರಕ್ಕೆ ಚೌಕಟ್ಟು ಗಟ್ಟಿ ಎಂದಲ್ಲ ಎಂಬುದು 2014ರ ವರದಿ ಓದಿದವಳಿಗೆ ನೆನಪಿರಬೇಕು. ಈ ಸಲ ಕೋಷ್ಟಕದ ಮೊದಲ ಅಂಕಣವೇ ಸುರಕ್ಷತೆ. ಹಾಗೆಂದು ನಾನು ಬದಲಾದೆ ಎನ್ನಲಾರೆ. ಕೈಯಲ್ಲಿ ಸ್ವಲ್ಪ ದುಡ್ಡಿದ್ದಾಗ ಸುರಕ್ಷತೆಯನ್ನು ಮೊದಲು ಬರೆಯುವುದು ಕಷ್ಟವಲ್ಲ. ಎರಡು ಲಕ್ಷ ಮಾತ್ರ ಇದ್ದರೆ ಈಗಲೂ ಬರೆಯುತ್ತೇನೆಯೇ?

ಆ ಪ್ರಶ್ನೆ ಈಗ ಬೇರೆಯವರ ರೂಪದಲ್ಲಿ ಬಂದಿದೆ. ನಮ್ಮ ಶಾಲೆಗೆ ಹೊಸದಾಗಿ ಸೇರಿದ ಒಬ್ಬಳು ಹುಡುಗಿ, ಚಿಕ್ಕ ಮಗುವಿದೆ, ಗಂಡನ ಜೊತೆ ಬೈಕಿನಲ್ಲಿ ಬರುತ್ತಾಳೆ. ಮೇಡಂ ಇಟ್ಟುಕೊಂಡ ಗಾಡಿ ಎಂದರೆ ಕಣ್ಣುಮುಚ್ಚಿ ತಗೋಬಹುದು ಎಂದು ಯಾರೋ ಹೇಳಿದ್ದಾರೆ, ನನ್ನ ಆಲ್ಟೊವನ್ನೇ ಕೊಡಿ ಎಂದು ಕೇಳಿದ್ದಾಳೆ. ಅವಳಿಗೆ ಎಲ್ಲವನ್ನೂ ಹೇಳಿದೆ. ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಗುದ್ದಿಸಿದಾಗ ಚೌಕಟ್ಟು ಕುಸಿದ ಮಾದರಿ ಇದು, ಮಗುವನ್ನು ಮುಂದೆ ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ಹೇಳುವಾಗಲೇ ಇನ್ನೊಂದು ಅನುಮಾನ ಬಂತು. ಹೇಳಿಬಿಟ್ಟರೆ ನನ್ನ ಮನಸ್ಸು ಹಗುರ. ಗಾಡಿಯಲ್ಲಿ ಏನೂ ಬದಲಾಗುವುದಿಲ್ಲ, ಆಯ್ಕೆಯ ಭಾರ ಮಾತ್ರ ಅವಳ ಮೇಲೆ ಬೀಳುತ್ತದೆ. ಜನ್ನಾಪುರದ ಹಿರಿಯರು ಹೇಳಿದ್ದು ಹಾಗಿರಲಿಲ್ಲ ಎಂದುಕೊಂಡಿದ್ದೇನೆ. ಅವರ ಮನಸ್ಸಿನಲ್ಲಿ ಏನಿತ್ತೋ ನನಗೇನು ಗೊತ್ತು? ಮಾರದೆ ಗುಜರಿಗೆ ಕೊಡೋಣ ಎಂದರೆ, ಅವಳು ಬೈಕಿನಲ್ಲೇ ಓಡಾಡುತ್ತಾಳೆ, ಇಲ್ಲವೇ ಇನ್ನೆಲ್ಲೋ ಇದಕ್ಕಿಂತ ಕೆಟ್ಟದ್ದನ್ನು ಕೊಳ್ಳುತ್ತಾಳೆ.

ಅವಳು ಎಲ್ಲ ಕೇಳಿಸಿಕೊಂಡು, ‘ಬೈಕಿಗಿಂತ ವಾಸಿ ಅಲ್ವಾ ಮೇಡಂ. ಎಷ್ಟಕ್ಕೆ ಕೊಡ್ತೀರ?’ ಅಂದಳು. ಮಾರ್ಕೆಟ್ಟಿನಲ್ಲಿ ಎಷ್ಟಿದೆ ಎಂದು ಅವಳು ಕೇಳುವ ಮೊದಲೇ ನೋಡಿಟ್ಟುಕೊಂಡಿದ್ದೆ, ಆದರೂ ಆಮೇಲೆ ಹೇಳುತ್ತೇನೆ ಅಂದೆ. ಮಾರ್ಕೆಟ್ ಬೆಲೆ ಹೇಳಿದರೆ ನಾನು ಇಷ್ಟು ಹೊತ್ತು ಹೇಳಿದ್ದಕ್ಕೆ ಒಂದು ರೂಪಾಯಿಯ ತೂಕವೂ ಇಲ್ಲ ಎಂದಾಗುತ್ತದೆ. ಕಡಿಮೆ ಹೇಳಿದರೆ, ಟಿಯಾಗೊದಂಥದ್ದಕ್ಕೆ ಸ್ವಲ್ಪ ದಿನ ಕಾದು ದುಡ್ಡು ಕೂಡಿಸೋಣ ಎಂದು ಅವಳ ಗಂಡ ಹೇಳುತ್ತಿದ್ದಾನಂತೆ, ಆ ಮಾತು ಅಲ್ಲಿಗೆ ನಿಂತು ಇದನ್ನೇ ತೆಗೆದುಕೊಂಡುಬಿಡುತ್ತಾರೆ. ಇನ್ನೂ ಬೆಲೆ ಹೇಳಿಲ್ಲ.